ಹುಲಿಗೆಮ್ಮನ ಪುಟ

“ಇವತ್ತರೇ ಈ ಹುಡುಗಿ ಓದತಾಳೋ ಇಲ್ಲೋ?” ಕರಿಹಲಗೆ ಒರೆಸುತ್ತ ಮಂದಾಕಿನಿ ತನ್ನಷ್ಟಕ್ಕೆ ತಾನೇ ಕೇಳಿಕೊಂಡಳು. ಶಿಕ್ಷಕಿಯಾಗುವ ತರಬೇತಿಗೆ ಈ ಶಾಲೆಗೆ ಬಂದವಳು. ಅವಳ ಪಾಠ ನೋಡಲು ಪರೀಕ್ಷಕರು ಬರುವ ಹೊತ್ತಾಗಿತ್ತು. ಮೂರನೆಯ ತರಗತಿಯ ಮಕ್ಕಳೆಲ್ಲ ತಮ್ಮ ಪಾಲಿನ ಪುಟ ಓದಿ ಮುಗಿಸಿ, ಓದಿ ಖಾಲಿಯಾದ ಆ ಹಾಳೆಯಲ್ಲೇ ದೋಣಿ ಮಡಚುತ್ತಿದ್ದರು. ಒಮ್ಮೆ ಓದಿದ ಅಕ್ಷರ ಹಾಳೆಯ ಮೇಲೆ ನಿಲ್ಲುವುದುಂಟೇ? ಓದಿದವರ ಎದೆಗೆ ಇಳಿದುಬಿಡುತ್ತದೆ. ಹುಲಿಗೆಮ್ಮ ಮಾತ್ರ ತನ್ನ ಪದ್ಯದ ಪುಟವನ್ನು ಲಂಗದ ಮರೆಯಲ್ಲಿ ಬಚ್ಚಿಟ್ಟುಕೊಂಡು ಕೂತಿದ್ದಳು.

“ಓದಿದ್ರ ಖಾಲಿ ಆಗತೈತಲ್ರಿ, ಅಕ್ಕೋರ.”

“ಖಾಲಿ ಆಗೂದಿಲ್ಲವ್ವ, ನಿಂದಾಗತೈತಿ. ಯಾರೂ ಕಸಗೊಳ್ಳಾಕ ಬರೂದಿಲ್ಲ.”

ಹುಲಿಗೆಮ್ಮ ತುಟಿಯೊಳಗೇ ಓದತೊಡಗಿದಳು. ಸಾಲು ಸಾಲಾಗಿ ಪುಟ ಬೆಳ್ಳಗಾಯಿತು, ಹುಡುಗಿಯ ತಲೆ ಲಯಕ್ಕೆ ತೂಗಿತು. ಮಂದಾಕಿನಿ ಮನಸ್ಸಿನಲ್ಲೇ ಕೈಮುಗಿದಳು. ಪರೀಕ್ಷಕರು ಚಹಾ ಮುಗಿಸಿ ಒಳಗೆ ಬಂದದ್ದು ಆಮೇಲೆ.

“ಓದಿದಳ್ರಿ, ಸರ್!”

“ಬಿಳೀ ಹಾಳಿ ಯಾರರೇ ತೋರಸ್ತಾರ. ಬಾಯಿಂದ ಹೇಳಸ್ರಿ, ಪಾಸ್ ಮಾಡತೀನಿ.”

ಮಂದಾಕಿನಿ ಮೊಣಕಾಲೂರಿ ಕೂತಳು. “ಒಂದ ಸಾಲು ಹೇಳವ್ವಾ, ನಮ್ಮವ್ವ.”

ಹುಲಿಗೆಮ್ಮ ಎರಡೂ ಕೈ ಎದೆಗೆ ಒತ್ತಿಕೊಂಡಳು.

“ನಂದು ಅಂತ ನೀವ ಹೇಳೀರಲ್ರಿ, ಅಕ್ಕೋರ. ನಾ ಹೇಳಂಗಿಲ್ಲ.”