ಮನೆಗೆ ಹಾಕಿದ ಹೊಲಿಗೆ

ಹೊಲಿಗೆ ಮಷಿನ್ ನಿಂತುಹೋಯಿತು.

ಹಿತ್ತಿಲ ಅಡುಗೆಮನೆಯಲ್ಲಿ ದರ್ಜಿಯ ಹೆಂಡತಿಯ ಕೈಯೂ ನಿಂತಿತು. ಹಗಲು ಹೊತ್ತಿನಲ್ಲಿ ಆ ಮಷಿನ್ ನಿಂತದ್ದನ್ನು ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಭೂಕಂಪವಾದ ದಿನ ನೆಲ ಅಲ್ಲಾಡಿತೇ ಹೊರತು ಮಷಿನ್ ತಾಳ ತಪ್ಪಿರಲಿಲ್ಲ. ದರ್ಜಿ ತನ್ನ ಮದುವೆಗೂ ಗಿರಾಕಿಯ ಪ್ಯಾಂಟು ಮುಗಿಸಿಯೇ ಹೊರಟವನು. ದಾರ ಮುಗಿದ ಬಾಬಿನ್ ಬದಲಿಸಲು ನಿಲ್ಲಿಸಿದರೂ ಒಂದು ಸೀನು ಬರುವಷ್ಟರಲ್ಲಿ ಮತ್ತೆ ಓಡಿಸುತ್ತಿದ್ದ. ಅವಳು ಆ ಒಂದು ಸೀನಿನಷ್ಟು ಹೊತ್ತು ಕಾದಳು. ಇನ್ನೂ ಸ್ವಲ್ಪ ಕಾದಳು. ಸದ್ದಿಲ್ಲ.

ದರ್ಜಿಯ ಜಿಪುಣತನ ಅಂತಿಂಥದ್ದಲ್ಲ. ಆ ಮನೆಗೆ ನುಗ್ಗಿದ ಇರುವೆ ಹೊರಗೆ ಬರುವಾಗ ತನ್ನ ಬುತ್ತಿಯನ್ನೂ ಅಲ್ಲೇ ಕಳೆದುಕೊಂಡು ಬರುತ್ತಿತ್ತು. ಬೇಸಿಗೆಯಲ್ಲಿ ಮಷಿನ್ನಿನ ಬೆಲ್ಟಿಗೇ ಬೀಸಣಿಗೆ ಕಟ್ಟಿ, ಗಿರಾಕಿಯ ಬಟ್ಟೆ ಹೊಲಿಯುತ್ತಲೇ ಗಾಳಿ ತೆಗೆದುಕೊಂಡ. ಮಳೆಗಾಲದಲ್ಲಿ ಸೂರಿನ ನೀರು ಹಿಡಿದೂ ಹಿಡಿದೂ ನಲ್ಲಿಗೆ ನೀರಿನ ನೆನಪೇ ಹೋಗುವಂತೆ ಮಾಡಿದ. ಚಳಿ ಬಂದಾಗ ಮನೆಗೇ ಹೊಲಿಗೆ ಹಾಕಿದ. ಕಿಟಕಿಯ ಸಂದುಗಳಿಗೆ ಚಿಂದಿ ತುರುಕಿದ, ಗಾಳಿಗಿಂಡಿಗೆ ಹಳೆ ಕೋಟಿನ ತೋಳು ಮಡಚಿ ಗಿಡಿದ. ಬಾಗಿಲಿಗೆ ಒಳಗಡೆಯಿಂದ ಎರಡು ಪದರದ ಉಣ್ಣೆ ಪರದೆ ಹೊಲಿದು ಚೌಕಟ್ಟಿಗೆ ಮೊಳೆ ಹೊಡೆದ. ಓಡಾಡಲು ಒಂದು ಅಂಚಿಗೆ ಮಾತ್ರ ದಪ್ಪ ಗುಂಡಿಗಳು, ಅವೂ ಒಳಗಡೆಯೇ. ಕೋಣೆಯ ನಡುವೆ ಕಬ್ಬಿಣದ ತಟ್ಟೆಯಲ್ಲಿ, ಇಸ್ತ್ರಿ ಪೆಟ್ಟಿಗೆಯಿಂದ ಸುರಿದ ಕೆಂಡ.

“ಇದ್ದಿಲಿನ ದುಡ್ಡು ಗಿರಾಕಿದು, ಬಿಸಿ ನಮ್ದು” ಎಂದು ಬೀಗಿದ್ದ.

ಮಷಿನ್ ನಿಂತ ದಿನ ಬೆಳಿಗ್ಗೆಯಷ್ಟೇ ಅವಳು ಕೇಳಿಕೊಂಡಿದ್ದಳು: “ರೀ, ಈ ಕೆಂಡ ಇಟ್ಕೊಂಡು ಒಳಗೆ ಕೂತ್ರೆ ತಲೆ ಸಿಡಿಯುತ್ತೆ. ಒಂದು ಕಿಟಕಿನಾದ್ರೂ ಬಿಚ್ಚಿ.”

“ಉಳಿತಾಯ ಅಂದ್ರೆ ನಿಂಗೆ ಮೊದ್ಲಿಂದ್ಲೂ ತಲೆನೋವೇ.”

“ಪುಟ್ಟಿನೂ ಊಟ ಬೇಡ ಅಂತಿದಾಳೆ.”

“ನೋಡು, ಅಲ್ಲೂ ಉಳೀತು.” ಹಾಗೆಂದು ಮಗಳನ್ನು ಗುಂಡಿ ಹೊಲಿಯಲು ಪಕ್ಕದಲ್ಲಿ ಕೂರಿಸಿಕೊಂಡು, ಪರದೆಯ ಗುಂಡಿ ಹಾಕಿಕೊಂಡಿದ್ದ.

ಈಗ ಅವಳು ಓಡಿಬಂದು ಬಾಗಿಲು ಎಳೆದಳು. ಎದುರಿಗೆ ಉಣ್ಣೆಯ ಗೋಡೆ. “ರೀ” ಎಂದಳು. “ಪುಟ್ಟೀ” ಎಂದಳು. ಪರದೆಗೆ ಕಿವಿಯಿಟ್ಟಳು. ಒಳಗೆ ಬಟ್ಟೆ ಸರಿದ ಸದ್ದೂ ಇಲ್ಲ. ಅವಳ ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ, ಮಷಿನ್ನೇ ಮತ್ತೆ ಶುರುವಾಯಿತೇನೋ ಎಂದು ಒಂದು ಕ್ಷಣ ನಂಬಿದಳು.

ಸಾಣೆಯವನಿಗೆ ಕಾಸು ಯಾಕೆ ದಂಡ ಎಂದು ದರ್ಜಿ ತನ್ನ ದೊಡ್ಡ ಕತ್ತರಿಯನ್ನು ಅವಳ ಕೈಗೇ ಮಸೆಯಲು ಕೊಟ್ಟಿದ್ದ. ಬಟ್ಟೆಯಲ್ಲದೆ ಕಾಗದ ಮುಟ್ಟಿಸಿದರೂ ಅವನು ಮೂರು ದಿನ ಮಾತು ಬಿಡುತ್ತಿದ್ದ ಕತ್ತರಿ ಅದು. ಹಿತ್ತಿಲ ಕಲ್ಲಿನ ಮೇಲಿದ್ದ ಅದನ್ನು ತಂದು ಎರಡೂ ಕೈಯಿಂದ ಚುಚ್ಚಿದಳು. ಪರದೆ ಜಗ್ಗಲಿಲ್ಲ. ತನ್ನ ಹೊಲಿಗೆ ಬಿಟ್ಟಿತೆಂದು ಒಬ್ಬ ಗಿರಾಕಿಯೂ ವಾಪಸ್ ಬಂದಿಲ್ಲವೆಂದು ಅವನು ಜಂಬ ಪಡುತ್ತಿದ್ದ. ಆ ಜಂಬವೇ ಈಗ ಅವಳಿಗೂ ಮಗಳಿಗೂ ನಡುವೆ ನಿಂತಿತ್ತು. ಮತ್ತೆ ಚುಚ್ಚಿದಳು, ಹಲ್ಲುಕಚ್ಚಿ ಕೆಳಗೆ ಎಳೆದಳು. ಪರದೆ ಸೀಳಿತು.

ಮಗಳು ಅಂಗಿಗಳ ರಾಶಿಯ ಮೇಲೆ ತಲೆಯಿಟ್ಟು ಮಲಗಿದ್ದಳು, ಬೆರಳಲ್ಲಿ ಸೂಜಿ ಹಾಗೇ ಇತ್ತು. ದರ್ಜಿಯ ಹಣೆ ಮಷಿನ್ನಿಗೆ ಒರಗಿತ್ತು. ಅವಳು ಮೊದಲು ಮಗಳನ್ನು ಎಳೆದಳು, ಆಮೇಲೆ ಗಂಡನನ್ನು. ಅಂಗಳದ ಚಳಿಯಲ್ಲಿ ಮಗಳ ಕೆನ್ನೆ ತಟ್ಟಿದಳು, ಹೆಸರು ಹಿಡಿದು ಕೂಗಿದಳು, ಮತ್ತೆ ತಟ್ಟಿದಳು. ಕೊನೆಗೆ ಹುಡುಗಿ ವಾಂತಿ ಮಾಡಿಕೊಂಡು ಅತ್ತಳು. ಆ ಅಳು ಏಳು ಊರಿಗೆ ಕೇಳಿಸಿತೆಂದರೆ ಸುಳ್ಳಾದೀತು. ಅವಳೊಬ್ಬಳಿಗೆ ಕೇಳಿಸಿತು, ಅಷ್ಟು ಸಾಕಾಗಿತ್ತು.

ದರ್ಜಿ ಅರೆಗಣ್ಣು ಬಿಟ್ಟ. “ಬಾಗ್ಲು ಹಾಕೇ... ಬಿಸಿ ಹೋಗುತ್ತೆ” ಎಂದು ತೊದಲಿದ. ಆಮೇಲೆ ಹೆಂಡತಿಯ ಮಡಿಲಲ್ಲಿದ್ದ ಮಗಳ ಮುಖ ಕಂಡಿತು.

ಸಂಜೆಯೊಳಗೆ ಚಿಂದಿಯನ್ನೆಲ್ಲ ತಾನೇ ಕಿತ್ತ. ಅಂದಿನಿಂದ ಹೊಸ ಅಭ್ಯಾಸವೊಂದು ಅಂಟಿಕೊಂಡಿತು. ಮಷಿನ್ ನಿಲ್ಲಿಸಿದಾಗಲೆಲ್ಲ “ಬಾಬಿನ್ ಕಣೇ” ಎಂದು ಕೂಗುತ್ತಾನೆ. ಅಡುಗೆಮನೆಯಿಂದ “ಹೂಂ” ಬರುತ್ತದೆ. ಆಮೇಲೆಯೇ ದಾರ ಮುಟ್ಟುತ್ತಾನೆ.

ಚಳಿ ಕಳೆದು ಬೇಸಿಗೆ ಬಂತು. ಕಿಟಕಿಗಳೆಲ್ಲ ತೆರೆದಿದ್ದವು, ಬಾಗಿಲು ಹಾರುಹೊಡೆದಿತ್ತು, ಬೀದಿಯ ಧೂಳು ನೇರ ಒಳಗೇ ಬರುತ್ತಿತ್ತು. ಒಂದು ಮಧ್ಯಾಹ್ನ ಮಷಿನ್ ನಿಲ್ಲಿಸಿ ಸೂಜಿಗೆ ದಾರ ಪೋಣಿಸುವ ಗಡಿಬಿಡಿಯಲ್ಲಿ ಅವನು ಕೂಗಲು ಮರೆತ. ಯಾಕೋ ಬೆನ್ನ ಹಿಂದೆ ಬೆಳಕು ಕಡಿಮೆಯಾದಂತಾಗಿ ತಿರುಗಿದ.

ತೆರೆದ ಬಾಗಿಲಲ್ಲಿ, ಅಡುಗೆಮನೆಯಿಂದ ಓಡಿಬಂದ ಹೆಂಡತಿ ನಿಂತಿದ್ದಳು, ಎರಡೂ ಕೈಯಲ್ಲಿ ಕತ್ತರಿ ಎತ್ತಿ ಹಿಡಿದು.