ಮಗಳ ಅಂಜಿಕೆ

ಸೇನೆಯ ಅಧಿಕಾರಿ ತರಬೇತಿಗೆ ಸೇರುವ ವಿದ್ಯಾರ್ಥಿಗಳ ಭಯವನ್ನು ತೆಗೆದು ಹೆತ್ತವರ ಮೈಗೆ ಹಾಕುವ ಕೆಲಸ ಅಂದು ಕಾಲೇಜಿನ ಸಭಾಂಗಣದಲ್ಲಿ ನಡೆದಿತ್ತು. ಭಯ ನಾಶವಾಗುವುದಿಲ್ಲ, ಯಾರಾದರೂ ಹೊರಲೇಬೇಕು. ಮೊದಲು ಭಯ ತೆಗೆದು ಆಮೇಲೆ ಸೇರ್ಪಡೆ ಪತ್ರಕ್ಕೆ ಸಹಿ ಕೇಳುವುದು ಅಲ್ಲಿನ ಪದ್ಧತಿ. ಸೇರಲು ಒಲ್ಲೆ ಎಂದವರಿಗೆ ಅವರ ಭಯ ವಾಪಸು. ಆದರೆ ಹಾಗೆ ವಾಪಸು ಕೇಳಿದವರು ಈವರೆಗೆ ಒಬ್ಬರೂ ಇರಲಿಲ್ಲ.

"ನನ್ನ ಮನಸ್ಸು ಇನ್ನೂ ಗಟ್ಟಿ ಆಗಿಲ್ಲಪ್ಪ" ಎಂದಳು ದಾಕ್ಷಾಯಣಿ.

"ಬಂದೂಕಿಗೆ ಅಂಜತಿ, ಮತ್ತೇನು! ಹೇಡಿ! ಕೊಡು ಇತ್ತ, ನಾ ಹೊರತೀನಿ. ಹೋರಿ ಮೈಮ್ಯಾಲ ಬಂದ್ರೂ ಅಂಜಿದಾಂವ ಅಲ್ಲ ನಾ!" ಎಂದು ಅವಳಪ್ಪ ಮೈಲಾರಪ್ಪ ತೋಳೇರಿಸಿ ಪಕ್ಕದ ಕುರ್ಚಿಯಲ್ಲಿ ಕೂತ.

ನರ್ಸು ಇಬ್ಬರ ಮಣಿಕಟ್ಟಿಗೂ ಪಟ್ಟಿ ಕಟ್ಟಿದಳು. ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಎಲ್ಲ ಮುಗಿಯಿತು.

ಮಗಳ ಭಯ ಮೈಗೆ ಬಂದಾಗಲೇ ಮೈಲಾರಪ್ಪನಿಗೆ ಅದು ಎಂಥದೆಂದು ತಿಳಿಯಿತು. ಮಗಳು ಬಂದೂಕಿಗೆ ಅಂಜಿರಲೇ ಇಲ್ಲ. ಅಧಿಕಾರಿಯಾದ ಮೇಲೆ ತನ್ನ ಒಂದು ಮಾತಿಗೆ ಯಾರದೋ ಮಕ್ಕಳು ಎದ್ದು ಮುಂದೆ ಹೋಗಿ ಸಾಯುತ್ತಾರಲ್ಲ ಎಂಬುದೇ ಅವಳ ಅಂಜಿಕೆಯಾಗಿತ್ತು. ಅವನು ಕುರ್ಚಿಯಿಂದ ಎದ್ದು ಮಗಳಿಗೆ ಕೈ ಮುಗಿದ.

"ಸೈನ್ ಮಾಡಬ್ಯಾಡವ್ವಾ! ನಿನ್ನ ಕಾಲಿಗೆ ಬೀಳತೀನಿ, ಇದನ್ನ ವಾಪಸ್ ತಗೋ!"

"ಯಾಕಪ್ಪ ಹಂಗ ನಡಗತಿ? ಮಂದಿ ಸಾಯೋದು ಇದ್ದದ್ದ" ಎಂದಳು ದಾಕ್ಷಾಯಣಿ. ಎಡಗೈಯಲ್ಲಿ ದುಪಟ್ಟಾದ ಅಂಚು ಹಿಡಿದು ಅಪ್ಪನ ಹಣೆಯ ಬೆವರನ್ನು ಅಕ್ಕರೆಯಿಂದ ಒರೆಸುತ್ತಲೇ, ಬಲಗೈಯಲ್ಲಿ ಸಹಿ ಹಾಕಿದಳು.