ಒಂದು ಫೈಲ್ ಅಳಿಸಿ, ಕುಂಬಿ ಸರ್!

ಎರಡು ನಿಮಿಷ ಇದ್ದರೆ ಓದಿ... ನಗು ಬಂದರೆ ನಗಿ. ಆಮೇಲೆ ಬರುವುದಕ್ಕೆ ನಾನು ಜವಾಬ್ದಾರಳಲ್ಲ!

ನಮ್ಮ ಕಾಲೇಜಿನಲ್ಲಿ ಕುಂಬಿ ಸರ್ ಮತ್ತು ಮುರಗೋಡ ಸರ್ ಹನ್ನೊಂದು ವರ್ಷದಿಂದ ಮಾತು ಬಿಟ್ಟವರು. ಕಾರಣ... ಸ್ಟಾಫ್ ರೂಮಿನಲ್ಲಿ ಫ್ಯಾನಿನ ಕೆಳಗಿದ್ದ ಕುರ್ಚಿ!

ಅಂದು ಮುರಗೋಡ ಸರ್ ನಿವೃತ್ತಿ. ನಾಲ್ಕು ಗಂಟೆಗೆ ಬೀಳ್ಕೊಡುಗೆ. ವಿಭಾಗದ ಮುಖ್ಯಸ್ಥರೆಂದು ಕುಂಬಿ ಸರ್ ಅಭಿನಂದನಾ ಪತ್ರ ಬರೆಯಲೇಬೇಕಿತ್ತು.

ಹಲ್ಲು ಕಚ್ಚಿಕೊಂಡು ಒಂದು ಪುಟ ಟೈಪ್ ಮಾಡಿದರು. ಸೇವ್ ಒತ್ತಿದರೆ... 'ಡಿಸ್ಕ್ ಕೋಟಾ ಮುಗಿದಿದೆ'!

ಹಳೆಯ ಫೈಲುಗಳನ್ನು ಒಂದು ಫೋಲ್ಡರಿನಿಂದ ತೆಗೆದು ಇನ್ನೊಂದು ಫೋಲ್ಡರಿಗೆ ತುಂಬಿದರು. ಊಹೂಂ... ಅದೇ ಎರರ್.

"ನೋಡ್ರೀ, ಈ ಸರ್ವರ್‌ಗೂ ಅವನ್ನ ಹೊಗಳೂದು ಸೇರವಲ್ದು!" ಎಂದು ಸಿಸ್ಟಮ್ ನೋಡಿಕೊಳ್ಳುವ ದ್ರಾಕ್ಷಾಯಣಿ ಮೇಡಂ ಅವರನ್ನು ಕರೆದರು.

ಮೇಡಂ ಲಿನಕ್ಸಿನಲ್ಲಿ ಒಂದು ಕಮಾಂಡ್ ಹೊಡೆದು ಸರ್ ಖಾತೆಯ ಲೆಕ್ಕ ನೋಡಿದರು.

"ಜಾಗ ಬೇಕಾದಷ್ಟು ಐತ್ರಿ ಸರ. ಆದ್ರ ಒಬ್ಬರಿಗೆ ಐದು ಸಾವಿರ ಫೈಲ್ ಅಷ್ಟ. ಒಂದ ಸಾಲಿಂದು ಇದ್ರೂ ಅದು ಒಂದು ಫೈಲ್ ಅಂತನ ಲೆಕ್ಕ. ನಿಮ್ವು ಐದು ಸಾವಿರನೂ ತುಂಬ್ಯಾವ್ರಿ."

ಪಟ್ಟಿ ತೆಗೆದರೆ... ಮುರಗೋಡ, ಮುರಗೋಡ, ಮುರಗೋಡ! ತಾರೀಖು ಸಮೇತ ಒಂದೊಂದು ತಪ್ಪಿಗೆ ಒಂದೊಂದು ಫೈಲ್.

"ಎಲ್ಲಾ ಒಂದರಾಗ ಬರೀಬಹುದಿತ್ತಲ್ರಿ ಸರ?"

"ಒಂದೊಂದು ತಪ್ಪಿಗೂ ಅದರದ ಮರ್ಯಾದಿ ಇರ್ತೈತ್ರಿ ಮೇಡಂ!"

"ಆಯ್ತು ಬಿಡ್ರಿ. ಒಂದು ಅಳಸ್ರಿ, ನಿಮ್ಮ ಪತ್ರ ಸೇವ್ ಆಗ್ತೈತಿ."

ಒಂದೇ ಒಂದು! ಕುಂಬಿ ಸರ್ ಅರ್ಧ ಗಂಟೆ ಹುಡುಕಿದರು. 'ನನ್ನ ಛತ್ರಿ ಒಯ್ದ'... ಬ್ಯಾಡ, ಇದು ಮುಖ್ಯ. 'ನನ್ನ ನೋಡಿ ಕೆಮ್ಮಿದ'... ಅಯ್ಯೋ, ಇದನ್ನು ಹೆಂಗ ಬಿಡೂದು?

ಗಡಿಯಾರ ಮೂರೂವರೆ ದಾಟಿತು. ಆಗ ಆರು ವರ್ಷದ ಹಿಂದಿನ ಒಂದು ಫೈಲ್ ತೆರೆಯಿತು.

'ರೊಟ್ಟಿ ಗಟ್ಟಿ ಇತ್ತು.'

ಮರುದಿನದ್ದು... 'ಪಲ್ಯದಲ್ಲಿ ಉಪ್ಪು ಜಾಸ್ತಿ. ಬೇಕಂತಲೇ ಹಾಕಿದ್ದಾನೆ.'

ಹೀಗೆ ಇಪ್ಪತ್ತೆರಡು ದಿನ. ಕೊನೆಯದು... 'ಡಬ್ಬಿ ಹತ್ತು ನಿಮಿಷ ತಡ.'

ಕುಂಬಿ ಸರ್ ಕೈ ನಿಂತುಹೋಯಿತು. ಆ ಇಪ್ಪತ್ತೆರಡು ದಿನ ಕುಂಬಿ ಸರ್ ಅವರ ಹೆಂಡತಿ ಆಸ್ಪತ್ರೆಯಲ್ಲಿದ್ದರು. ಮುರಗೋಡ ಸರ್ ದಿನಾ ಊಟದ ಡಬ್ಬಿ ತಂದು, ಒಂದು ಮಾತೂ ಆಡದೆ ವಾರ್ಡಿನ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು.

"ಮೇಡಂ... ಈ ಇಪ್ಪತ್ತೆರಡು ಪ್ರಿಂಟ್ ತಗೀರಿ. ಉಳದ ದೂರು ಎಲ್ಲಾ ಅಳಸ್ರಿ."

ಸಭೆಯಲ್ಲಿ ನಾನೂ ಇದ್ದೆ. ಕುಂಬಿ ಸರ್ ಅಭಿನಂದನಾ ಪತ್ರ ಓದಲೇ ಇಲ್ಲ. ಆ ಇಪ್ಪತ್ತೆರಡು ದೂರುಗಳನ್ನೇ ಓದತೊಡಗಿದರು.

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಎಂಟನೆಯದಕ್ಕೆ ಅವರು ಹಾಳೆ ಕೆಳಗಿಳಿಸಿ, "ನನ್ನ ಹೆಂಡ್ತಿ ಆಸ್ಪತ್ರ್ಯಾಗ ಇದ್ದಾಗ ಇವ ದಿನಾ ತಂದಿಟ್ಟ ಡಬ್ಬಿರಿ ಇವು" ಎಂದರು.

ಮುರಗೋಡ ಸರ್ ಮೆಲ್ಲಗೆ ಎದ್ದು ನಿಂತರು.

"ಉಪ್ಪು ಜಾಸ್ತಿ ಆಗಿದ್ದು ಖರೇ ಐತೋ ಕುಂಬಿ... ನಮ್ಮಾಕಿ ಊರಾಗ ಇರಲಿಲ್ಲ. ರೊಟ್ಟಿ ನಾನ ಬಡದಿದ್ದೆ."

ಕುಂಬಿ ಸರ್ ಮೈಕ್ ಬಿಟ್ಟು ಇಳಿದುಹೋಗಿ ಅವರನ್ನು ತಬ್ಬಿಕೊಂಡರು. ಇಬ್ಬರೂ ಅತ್ತರು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ?

*ದೂರು ಬರೆದಿಡುವ ಚಟ ಇದ್ದವರಿಗೆ ಉಪಕಾರವೂ ದೂರಾಗಿಯೇ ಕಾಣುತ್ತದೆ.*

ನಿಮ್ಮ ದೂರುಗಳ ಪಟ್ಟಿಯಲ್ಲಿ ಯಾರ ರೊಟ್ಟಿ ಡಬ್ಬಿ ಇದೆ... ಒಮ್ಮೆ ತೆರೆದು ನೋಡುತ್ತೀರಾ?